ರೆಹಾನ್ ಅಹ್ಮದ್ ಟೆಸ್ಟ್ ಆಲ್‌ರೌಂಡರ್ ಆಗುತ್ತಾನಾ, ಇಲ್ಲ ಕೌಂಟಿಗಷ್ಟೇ ಸರಿನಾ?

ಗ್ರೇಸ್‌ರೋಡ್ ಗೌಡ · 4 ಅಕ್ಟೋಬರ್ 2025

ನಾನಿರುವುದು ಲೆಸ್ಟರ್‌ನಲ್ಲಿ, ಊರು ಮಂಡ್ಯ ಕಡೆ. ಇಲ್ಲಿ ಕೌಂಟಿ ಪಂದ್ಯಕ್ಕೆ (ಇಂಗ್ಲೆಂಡ್‌ನ ಪ್ರಾಂತೀಯ ತಂಡಗಳ ದೇಶೀ ಕ್ರಿಕೆಟ್) ನನ್ನ ಜೊತೆ ಬರುವ ಕನ್ನಡಿಗರು ಯಾರೂ ಇಲ್ಲ. ನಾಲ್ಕು ದಿನದ ಆಟ ಅಂದರೆ ಮನೆಯಲ್ಲೂ ನಗುತ್ತಾರೆ. ಅದಕ್ಕೇ ಇಲ್ಲಿ ಬಂದು ತಲೆ ತಿನ್ನುತ್ತಿದ್ದೇನೆ, ಸಹಿಸಿಕೊಳ್ಳಿ.

ಸೀಸನ್ ಮುಗಿಯಿತು. ನಮ್ಮ ಲೆಸ್ಟರ್‌ಶೈರ್ ತಂಡ ಕೌಂಟಿಯ ಎರಡನೇ ಡಿವಿಜನ್, ಅಂದರೆ ಕೆಳಗಿನ ದರ್ಜೆ, ಗೆದ್ದಿದೆ. 2003ರಲ್ಲಿ ಕೆಳಗಿಳಿದ ತಂಡ ಈಗ ಮತ್ತೆ ಮೇಲಿನ ಡಿವಿಜನ್‌ಗೆ ಹೋಗುತ್ತಿದೆ. ಇದರಲ್ಲಿ ಇಂಗ್ಲೆಂಡ್‌ನ ಲೆಗ್‌ಸ್ಪಿನ್ನರ್ ರೆಹಾನ್ ಅಹ್ಮದ್ ಪಾಲು ಸಣ್ಣದಲ್ಲ. ಮೇಲಿನ ಕ್ರಮಾಂಕದಲ್ಲಿ ಆಡಿ ಐದು ಶತಕ ಹೊಡೆದ. ಡರ್ಬಿಶೈರ್ ಮೇಲೆ ಒಂದೇ ಪಂದ್ಯದಲ್ಲಿ ಒಂದು ಶತಕ, ಜೊತೆಗೆ 13 ವಿಕೆಟ್. ಒಂದು ಶತಕ ಮತ್ತು 13 ವಿಕೆಟ್ ಅಂದ ತಕ್ಷಣ ನನಗೆ ನೆನಪಾಗುವುದು 1980ರ ವಾಂಖೆಡೆ ಟೆಸ್ಟ್, ಇಯಾನ್ ಬೋಥಮ್. ಅದು ಟೆಸ್ಟ್, ಇದು ಎರಡನೇ ಡಿವಿಜನ್, ಗೊತ್ತು. ಆದರೂ ಹುಡುಗನಿಗೆ ಇನ್ನೂ 21.

ಆದರೆ ಆಸ್ಟ್ರೇಲಿಯಾ ಮೇಲಿನ ಟೆಸ್ಟ್ ಸರಣಿ ಆ್ಯಷಸ್‌ಗೆ ಆರಿಸಿದ ಇಂಗ್ಲೆಂಡ್ ತಂಡದಲ್ಲಿ ಅವನ ಹೆಸರಿಲ್ಲ. ಸ್ಪಿನ್ ಹಾಕುವವರು ಅಂತ ಶೋಯೆಬ್ ಬಶೀರ್ ಮತ್ತು ವಿಲ್ ಜ್ಯಾಕ್ಸ್ ಹೋಗುತ್ತಿದ್ದಾರೆ. ನನಗೆ ಇದು ಅನ್ಯಾಯ ಅನಿಸುತ್ತದೆ. ರೆಹಾನ್ ಬ್ಯಾಟಿಂಗ್‌ನಲ್ಲಿ ಜ್ಯಾಕ್ಸ್‌ಗೆ ಹತ್ತಿರ ಇದ್ದಾನೆ, ಬೌಲಿಂಗ್‌ನಲ್ಲಿ ಮುಂದೆ ಇದ್ದಾನೆ. ಇನ್ನೇನು ಬೇಕು? ನಿಮ್ಮ ಪ್ರಕಾರ ಇವನು ಟೆಸ್ಟ್‌ಗೆ ಒಗ್ಗುತ್ತಾನಾ?

ಹುಬ್ಬಳ್ಳಿ ಫುಲ್‌ಟಾಸ್ · 4 ಅಕ್ಟೋಬರ್ 2025

ಅಲ್ರೀ ಗೌಡ್ರೇ, ಎರಡನೇ ಡಿವಿಜನ್ ರನ್ ನೋಡಿ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಈ ಬೇಸಿಗೆಯ ಗಾಯ ಇನ್ನೂ ಹಸಿ ಇದೆ. ಕರುಣ್ ನಾಯರ್ ನಾರ್ತಾಂಪ್ಟನ್‌ಶೈರ್‌ಗೆ ಗ್ಲಾಮೋರ್ಗನ್ ಮೇಲೆ ಔಟಾಗದೆ 202 ಹೊಡೆದಾಗ ಕುಣಿದವರಲ್ಲಿ ನಾನೂ ಒಬ್ಬ. ಆಮೇಲೆ ಕ್ಯಾಂಟರ್‌ಬರಿಯಲ್ಲಿ ಇಂಗ್ಲೆಂಡ್ ಲಯನ್ಸ್ (ಅವರ ಎ ತಂಡ) ಮೇಲೆ 204. ಇಷ್ಟೆಲ್ಲ ಆಗಿ ಇಂಗ್ಲೆಂಡ್ ಮೇಲೆ ಟೆಸ್ಟ್ ಶುರುವಾದಾಗ ಏನಾಯಿತು? ಎಂಟು ಇನಿಂಗ್ಸ್, ಒಂದೇ ಒಂದು ಅರ್ಧಶತಕ. ಅದೂ ಕೊನೆಯ ಟೆಸ್ಟ್‌ನಲ್ಲಿ, ಓವಲ್‌ನಲ್ಲಿ.

ಇಂಗ್ಲೆಂಡ್ ಪಿಚ್ ಗೊತ್ತು, ಅಲ್ಲಿ ಬಳಸುವ ಡ್ಯೂಕ್ ಚೆಂಡು ಗೊತ್ತು, ತ್ರಿಶತಕ ಹೊಡೆದ ಅನುಭವ ಬೇರೆ. ಅಂಥವನಿಗೇ ಹೀಗಾಯಿತು. ಕೆಳಗಿನ ಡಿವಿಜನ್‌ನಲ್ಲಿ 125 ಕಿಲೋಮೀಟರ್ ವೇಗದ ಚೆಂಡನ್ನು ಮುಂಗಾಲಲ್ಲಿ ಆಡಿ ಅಭ್ಯಾಸ. ಟೆಸ್ಟ್‌ನಲ್ಲಿ ಅದೇ ಜಾಗದಿಂದ 140ರಲ್ಲಿ ಎದ್ದು ಪಕ್ಕೆಲುಬಿಗೆ ಬರುತ್ತದೆ. ರೆಹಾನ್‌ಗೂ ಅದೇ ಪಾಡು ಅಂತ ನನ್ನ ಅನುಮಾನ.

ಗ್ರೇಸ್‌ರೋಡ್ ಗೌಡ · 4 ಅಕ್ಟೋಬರ್ 2025

ಕರುಣ್ ಹೆಸರು ತೆಗೆದು ಬಾಯಿ ಮುಚ್ಚಿಸಿದಿರಿ ಬಿಡಿ. ಆದರೆ ಕರುಣ್ ಬರೀ ಬ್ಯಾಟ್ಸ್‌ಮನ್. ಇವನಿಗೆ ಎರಡು ಕೈಕಸುಬು ಇವೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದಲ್ವಾ?

ಸ್ಕೋರ್‌ಬುಕ್ ಸುಮ · 5 ಅಕ್ಟೋಬರ್ 2025

ಗೌಡರೇ, ಆ "ಒಂದು ಕೈಕೊಟ್ಟರೆ ಇನ್ನೊಂದು" ಅನ್ನುವ ಮಾತೇ ಆಲ್‌ರೌಂಡರ್‌ಗಳ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುವುದು. ಟೆಸ್ಟ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಕೈಕೊಡುತ್ತವೆ. ಒಂದಾದರೂ ಗಟ್ಟಿ ಇದ್ದವನು ಮಾತ್ರ ಉಳಿಯುತ್ತಾನೆ.

ಅವನ ಟೆಸ್ಟ್ ದಾಖಲೆಯನ್ನು ಒಮ್ಮೆ ಪಕ್ಕಕ್ಕಿಟ್ಟು ನೋಡೋಣ. 2022ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ 18 ವರ್ಷ 126 ದಿನಕ್ಕೆ ಆಡಿದ. ಇಂಗ್ಲೆಂಡ್ ಪುರುಷರ ತಂಡಕ್ಕೆ ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾರೂ ಟೆಸ್ಟ್ ಆಡಿರಲಿಲ್ಲ. ಅದಕ್ಕೆ ಮೊದಲು ಆಡಿದ್ದು ಬರೀ ಮೂರು ಪ್ರಥಮ ದರ್ಜೆ (ಕೌಂಟಿ, ರಣಜಿಯಂಥ ಹಲವು ದಿನದ) ಪಂದ್ಯ. ಎರಡನೇ ಇನಿಂಗ್ಸ್‌ನಲ್ಲಿ 48 ರನ್ ಕೊಟ್ಟು 5 ವಿಕೆಟ್, ಬಾಬರ್ ಆಜಂ ವಿಕೆಟ್ ಸಮೇತ. ಆಮೇಲೆ ಹೈದರಾಬಾದ್, ವಿಶಾಖಪಟ್ಟಣ, ರಾಜ್‌ಕೋಟ್, ರಾವಲ್ಪಿಂಡಿ. ಒಟ್ಟು ಐದು ಟೆಸ್ಟ್, 22 ವಿಕೆಟ್. ಕೇಳಲು ಚೆನ್ನಾಗಿದೆ.

ಈಗ ಊರುಗಳ ಹೆಸರನ್ನು ಇನ್ನೊಮ್ಮೆ ಓದಿ. ಐದೂ ಏಷ್ಯಾ. ತನ್ನ ಸ್ವಂತ ದೇಶದಲ್ಲಿ ಒಂದೂ ಟೆಸ್ಟ್ ಆಡಿಲ್ಲ. ಬ್ಯಾಟಿಂಗ್‌ನಲ್ಲಿ 30 ದಾಟಿದ ಇನಿಂಗ್ಸ್ ಒಂದೂ ಇಲ್ಲ. ಅಂದರೆ ಇಂಗ್ಲೆಂಡ್ ಲೆಕ್ಕದಲ್ಲಿ ಅವನು ಇವತ್ತಿನವರೆಗೆ "ತಿರುಗುವ ಪಿಚ್‌ಗೆ ಮೂರನೇ ಸ್ಪಿನ್ನರ್". ಗೌಡರು ಕೇಳುತ್ತಿರುವುದು ಬೇರೆಯೇ ಕೆಲಸದ ಬಗ್ಗೆ: ಆರು ಅಥವಾ ಏಳನೇ ಕ್ರಮಾಂಕ, ಬ್ರಿಸ್ಬೇನ್‌ನಲ್ಲಿ. ಆ ಕೆಲಸಕ್ಕೆ ಅವನನ್ನು ಯಾರೂ ಇದುವರೆಗೆ ಹಚ್ಚಿಯೇ ನೋಡಿಲ್ಲ.

ಆಲ್‌ರೌಂಡರ್ ಅಳೆಯಲು ಹಳೆಯ ಲೆಕ್ಕ ಒಂದಿದೆ, ಎಲ್ಲರಿಗೂ ಗೊತ್ತು. ಬ್ಯಾಟಿಂಗ್ ಸರಾಸರಿ ಬೌಲಿಂಗ್ ಸರಾಸರಿಗಿಂತ ಜಾಸ್ತಿ ಇರಬೇಕು. ಸೋಬರ್ಸ್ ಬ್ಯಾಟಿಂಗ್ 57, ಬೌಲಿಂಗ್ (ವಿಕೆಟ್‌ಗೆ ಕೊಟ್ಟ ರನ್) 34. ಕಾಲಿಸ್ 55, 32. ಕಪಿಲ್ 31, 29. ಆದರೆ ಈ ಲೆಕ್ಕ ಹಿಡಿದರೆ ಫ್ಲಿಂಟಾಫ್ ಕೂಡ ಫೇಲ್, ಅವನದು 31, 32. ಮೊಯಿನ್ ಅಲಿ ಅಂತೂ 28, 37. ಆದರೂ ಮೊಯಿನ್ 68 ಟೆಸ್ಟ್ ಆಡಿದ, 3,094 ರನ್, 204 ವಿಕೆಟ್. ಯಾಕೆ? ತಂಡಕ್ಕೆ ಒಬ್ಬ ಸ್ಪಿನ್ನರ್ ಬೇಕಿತ್ತು, ಅವನು ಬ್ಯಾಟನ್ನೂ ಹಿಡಿಯುತ್ತಿದ್ದ. ಸರಾಸರಿ ನೋಡಿ ಆರಿಸಿದ್ದಲ್ಲ, ತಂಡದಲ್ಲಿದ್ದ ತೂತು ನೋಡಿ ಆರಿಸಿದ್ದು. ರೆಹಾನ್ ತುಂಬುವ ತೂತು ಯಾವುದು ಅಂತ ಮೊದಲು ಹೇಳಿ.

ಕಪ್ ನಮ್ದಾಯ್ತು · 5 ಅಕ್ಟೋಬರ್ 2025

ಸುಮಕ್ಕ ಬಂದರೆ ಥ್ರೆಡ್‌ಗೆ ಆಡಿಟ್ ಶುರು 😄

ಮಂಗಳೂರು ಮೀಡಿಯಂಪೇಸ್ · 5 ಅಕ್ಟೋಬರ್ 2025

ಸುಮ ಅವರ ಮಾತಿಗೆ ನನ್ನದೊಂದು ಕಥೆ. ನಾನು ಕಾಲೇಜು ದಿನಗಳಲ್ಲಿ ಇಲ್ಲಿನ ಲೀಗ್‌ನಲ್ಲಿ ಮ್ಯಾಟ್ ಮೇಲೆ ಆಡುತ್ತಿದ್ದೆ ಮಾರಾಯ್ರೇ. ತೆಂಗಿನ ನಾರಿನ ಮ್ಯಾಟ್, ಮೊಳೆ ಹೊಡೆದು ಎಳೆದು ಕಟ್ಟಿರುತ್ತಿದ್ದರು. ಅದರ ಮೇಲೆ ಸೀಮ್ ತಾಗಿದರೆ ಚೆಂಡು ಎತ್ತ ಹೋಗುತ್ತದೆ ಅಂತ ನನಗೂ ಗೊತ್ತಿರಲಿಲ್ಲ, ಬ್ಯಾಟ್ಸ್‌ಮನ್‌ಗೂ ಗೊತ್ತಿರಲಿಲ್ಲ. ಸೀಸನ್‌ಗೆ ಒಂದಷ್ಟು ವಿಕೆಟ್, ಕೆಳಗೆ ಬಂದು 30, 40 ರನ್. ಪೇಪರ್‌ನಲ್ಲಿ ಒಮ್ಮೆ "ಆಲ್‌ರೌಂಡರ್" ಅಂತ ಬಂದಿತ್ತು. ಅಮ್ಮ ಕತ್ತರಿಸಿ ಇಟ್ಟಿದ್ದಾರೆ.

ಆಮೇಲೆ ಬೆಂಗಳೂರಿನ ಒಂದು ಕ್ಲಬ್‌ಗೆ ಹೋದೆ. ಟರ್ಫ್ ವಿಕೆಟ್. ನನ್ನ ಎರಡನೇ ಓವರ್ ಮುಗಿದಾಗ ಕೀಪರ್ ಹೆಲ್ಮೆಟ್ ತರಿಸಿ ಹಾಕಿಕೊಂಡು ಸ್ಟಂಪ್ ಹತ್ತಿರ ಬಂದು ನಿಂತ. ಯಾರೂ ಏನೂ ಹೇಳಲಿಲ್ಲ. ನನ್ನ ವೇಗ ಅಷ್ಟೇ ಅಂತ ಹೇಳುವ ಅಗತ್ಯವೂ ಇರಲಿಲ್ಲ.

ಇಂಗ್ಲೆಂಡ್ ಕೌಂಟಿಯಲ್ಲಿ ಏಪ್ರಿಲ್, ಮೇ ಅಂದರೆ ನನ್ನ ಆ ಮ್ಯಾಟ್ ಇದ್ದ ಹಾಗೆ. ಡ್ಯೂಕ್ ಚೆಂಡಿನ ಹೊಲಿಗೆ ಎದ್ದು ನಿಂತಿರುತ್ತದೆ, ನೆಲ ಒದ್ದೆ. ಮೆಲ್ಲಗೆ ಹಾಕುವವರೂ ವಿಕೆಟ್ ಗುಡಿಸುತ್ತಾರೆ. ಡ್ಯಾರೆನ್ ಸ್ಟೀವನ್ಸ್ ನೋಡಿ. ಗೌಡರ ಲೆಸ್ಟರ್‌ಶೈರ್‌ನಲ್ಲೇ ಶುರು ಮಾಡಿದವನು. ಕೆಂಟ್‌ಗೆ ಹೋಗಿ 2019ರಲ್ಲಿ, 43ನೇ ವಯಸ್ಸಿನಲ್ಲಿ, ಯಾರ್ಕ್‌ಶೈರ್ ಮೇಲೆ ಒಂದೇ ಪಂದ್ಯದಲ್ಲಿ 237 ರನ್ ಹೊಡೆದು 20ಕ್ಕೆ 5 ತೆಗೆದ. ಇಂಗ್ಲೆಂಡ್ ಅವನನ್ನು ಒಂದು ದಿನವೂ ಕರೆಯಲಿಲ್ಲ. ಕರೆಯದಿದ್ದದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ, ಅಭಿಮಾನಿಗಳು ಬೈಯಬೇಡಿ.

ಸ್ಯಾಮ್ ಕರನ್ ಕಥೆಯೂ ಸುಮಾರು ಅದೇ. 2018ರಲ್ಲಿ ಎಡ್ಜ್‌ಬಾಸ್ಟನ್‌ನಲ್ಲಿ ನಮ್ಮವರ ಮೇಲೆ ನಾಲ್ಕು ವಿಕೆಟ್, ಆಮೇಲೆ 63 ರನ್. 20 ವರ್ಷದ ಹುಡುಗ ಪಂದ್ಯಶ್ರೇಷ್ಠ. ನಾನೂ ಆವತ್ತು ಮುಂದಿನ ಹತ್ತು ವರ್ಷ ಇವನೇ ಅಂದಿದ್ದೆ. 24 ಟೆಸ್ಟ್‌ಗೆ ನಿಂತಿತು. 47 ವಿಕೆಟ್, ಶತಕ ಇಲ್ಲ. ಚೆಂಡು ಸ್ವಿಂಗ್ ಆಗದ ದಿನ ಅವನ ಕೈಯಲ್ಲಿ ಬೇರೆ ಏನೂ ಇರಲಿಲ್ಲ. ಬೆನ್ನುನೋವೂ ಸೇರಿಕೊಂಡಿತು, ಅದು ಬೇರೆ ಮಾತು.

ಬಸವನಗುಡಿ ಗೂಗ್ಲಿ · 6 ಅಕ್ಟೋಬರ್ 2025

ಎಲ್ಲರೂ ವೇಗದವರ ಲೆಕ್ಕ ಹಿಡಿದು ಸ್ಪಿನ್ನರ್ ಅಳೆಯುತ್ತಿದ್ದೀರಿ. ಕೌಂಟಿಯಲ್ಲಿ ವೇಗದವನಿಗೆ ಸಿಗುವುದು ಸುಳ್ಳು ನೆರವು. ಲೆಗ್‌ಸ್ಪಿನ್ನರ್‌ಗೆ ಸಿಗುವುದು ನಿಜವಾದ ಕಷ್ಟ. ಎರಡೂ ಒಂದೇ ಅಲ್ಲ.

ನಾನು 14 ವರ್ಷ ಲೆಗ್‌ಸ್ಪಿನ್ ಹಾಕಿದ್ದೇನೆ, ದೊಡ್ಡ ಮಟ್ಟಕ್ಕೇನಲ್ಲ. ನನ್ನ ಕಣ್ಣು ಮೊದಲು ಹೋಗುವುದು ರೆಹಾನ್ ಭುಜದ ಕಡೆ. ಅವನ ಕೈ ಬಹಳ ಬೇಗ ಸುತ್ತುತ್ತದೆ. ಚೆಂಡು ಗಾಳಿಯಲ್ಲಿ ತೇಲುವುದಕ್ಕಿಂತ ನುಗ್ಗುತ್ತದೆ. ಗೂಗ್ಲಿ, ಅಂದರೆ ಲೆಗ್‌ಬ್ರೇಕ್ ಥರ ಕಂಡು ಎದುರು ದಿಕ್ಕಿಗೆ ತಿರುಗುವುದು, ಅವನ ಮುದ್ದಿನ ಚೆಂಡು. ಕರಾಚಿಯಲ್ಲಿ ಅದು ಕೆಲಸ ಮಾಡಿತು, ಯಾಕೆಂದರೆ ಯಾರೂ ಅವನನ್ನು ನೋಡಿರಲಿಲ್ಲ, ಚೆಂಡು ಕೆಳಗೇ ಇತ್ತು. ರಾಜ್‌ಕೋಟ್‌ಗೆ ಬರುವಾಗ ಎಲ್ಲರೂ ವಿಡಿಯೋ ನೋಡಿದ್ದರು. ಜೈಸ್ವಾಲ್ ಔಟಾಗದೆ 214 ಹೊಡೆದ ಇನಿಂಗ್ಸ್‌ನಲ್ಲಿ ಇವನು 100ರ ಮೇಲೆ ರನ್ ಕೊಟ್ಟು ಒಂದೇ ವಿಕೆಟ್ ತೆಗೆದ.

ನಮ್ಮ ಕಡೆ ಕೋಚ್‌ಗಳು ಹುಡುಗರಿಗೆ ಹೇಳುವ ಮಾತೊಂದಿದೆ: ಗೂಗ್ಲಿ ಜಾಸ್ತಿ ಹಾಕಿದರೆ ಲೆಗ್‌ಬ್ರೇಕ್ ಮುನಿಸಿಕೊಂಡು ಹೋಗುತ್ತದೆ. ನಿಜ ಅದು. ಗೂಗ್ಲಿಗೆ ಮಣಿಕಟ್ಟು ಹಿಂದಕ್ಕೆ ಮುರಿಯಬೇಕು, ಭುಜ ಸ್ವಲ್ಪ ಬೀಳುತ್ತದೆ. ಅದೇ ಅಭ್ಯಾಸವಾದರೆ ಲೆಗ್‌ಬ್ರೇಕ್ ಹಾಕುವಾಗಲೂ ಭುಜ ಬೀಳುತ್ತದೆ, ಚೆಂಡು ತಿರುಗದೆ ಜಾರುತ್ತದೆ. ನಾನು 19ನೇ ವಯಸ್ಸಿನಲ್ಲಿ ಇದನ್ನು ಅನುಭವಿಸಿ ಒಂದು ಇಡೀ ಮಳೆಗಾಲ ಬರೀ ಲೆಗ್‌ಬ್ರೇಕ್ ಹಾಕಿದೆ, ಒಂದೇ ಸ್ಟಂಪ್ ನೆಟ್ಟು, ಅದರ ಪಕ್ಕ ಒಂದು ಕರ್ಚೀಫ್ ಹಾಸಿ. ಕರ್ಚೀಫ್ ಮೇಲೆ ಬಿದ್ದದ್ದಷ್ಟೇ ಲೆಕ್ಕ.

ಕೌಂಟಿಯಲ್ಲಿ ಅವನಿಗೆ ಆ ಕರ್ಚೀಫ್ ಎಲ್ಲಿ ಸಿಗಬೇಕು? 1995ರಲ್ಲಿ ನಮ್ಮ ಕುಂಬ್ಳೆ ನಾರ್ತಾಂಪ್ಟನ್‌ಶೈರ್‌ಗೆ ಆಡಿ ಒಂದೇ ಸೀಸನ್‌ನಲ್ಲಿ 105 ವಿಕೆಟ್ ತೆಗೆದರು. ಎಷ್ಟು ಓವರ್ ಹಾಕಿರಬೇಕು ಯೋಚಿಸಿ. 2000ದಲ್ಲಿ ಅವರು ಗೌಡರ ಲೆಸ್ಟರ್‌ಶೈರ್‌ಗೂ ಆಡಿದ್ದರು. ಈಗಿನ ಪಟ್ಟಿಯಲ್ಲಿ ನಡುಬೇಸಿಗೆ ಅಂದರೆ ಹಂಡ್ರೆಡ್ (ನೂರು ಚೆಂಡಿನ ಆಟ), ಟಿ20. ನಾಲ್ಕು ದಿನದ ಪಂದ್ಯಗಳನ್ನು ಚಳಿ ಇರುವ ಕಡೆಗೆ, ಮಳೆ ಇರುವ ಕಡೆಗೆ ತಳ್ಳಿದ್ದಾರೆ. ಸ್ಪಿನ್ನರ್ ಬೆಳೆಯುವುದು ಹೇಗೆ?

ಅದಕ್ಕೇ ಅವನು ಬ್ಯಾಟ್ ಹಿಡಿದದ್ದು ಅಂತ ನನ್ನ ಅನುಮಾನ. ಬೌಲಿಂಗ್ ಸಿಗದ ಜಾಗದಲ್ಲಿ ಬುದ್ಧಿವಂತ ಹುಡುಗ ಬೇರೆ ಕೆಲಸ ಹುಡುಕಿಕೊಂಡ.

ಗ್ರೇಸ್‌ರೋಡ್ ಗೌಡ · 6 ಅಕ್ಟೋಬರ್ 2025

ಈ ಮಾತು ನನಗೆ ನಾಟಿತು. ನಾನೂ ಇಲ್ಲಿ ಶನಿವಾರದ ಲೀಗ್‌ನಲ್ಲಿ ಸ್ವಲ್ಪ ಲೆಗ್‌ಸ್ಪಿನ್ ಹಾಕುತ್ತೇನೆ. ಏಪ್ರಿಲ್ ಕೊನೆಯಲ್ಲಿ ಚೆಂಡು ಕೈಗೆ ಬಂದರೆ ಸಾಬೂನು ಹಿಡಿದ ಹಾಗೆ. ಹುಲ್ಲಿನ ತೇವ ಹೀರಿ ಚರ್ಮ ಉಬ್ಬಿರುತ್ತದೆ. ಉಂಗುರ ಬೆರಳು ಮರಗಟ್ಟಿ ಹೊಲಿಗೆ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಪ್ಯಾಂಟ್ ಜೇಬಿನಲ್ಲಿ ಬಿಸಿ ಪೊಟ್ಟಣ ಇಟ್ಟುಕೊಂಡು ಓವರ್ ಮಧ್ಯೆ ಕೈ ಕಾಯಿಸುತ್ತೇವೆ. ಮೊದಲ ಚೆಂಡು ಫುಲ್‌ಟಾಸ್, ಎರಡನೆಯದು ಅರ್ಧ ಪಿಚ್. ಕ್ಯಾಪ್ಟನ್ ಮುಖ ತಿರುಗಿಸುತ್ತಾನೆ.

ಲೆಸ್ಟರ್‌ಶೈರ್ ಮೈದಾನ ಗ್ರೇಸ್ ರೋಡ್‌ನಲ್ಲಿ ಕೂತಾಗ ರೆಹಾನ್ ಬ್ಯಾಟಿಂಗ್ ಬಗ್ಗೆ ನಾನು ಪುಟಗಟ್ಟಲೆ ಹೇಳಬಲ್ಲೆ. ಬೌಲಿಂಗ್ ಬಗ್ಗೆ ಯೋಚಿಸಿದರೆ, ಅವನನ್ನು ಕವರ್ಸ್‌ನಲ್ಲಿ ನಿಂತದ್ದು ನೋಡಿದ ನೆನಪೇ ಜಾಸ್ತಿ. ಇದನ್ನು ಬರೆಯುವವರೆಗೂ ನನಗೆ ಹೊಳೆದಿರಲಿಲ್ಲ.

ಸ್ಕೋರ್‌ಬುಕ್ ಸುಮ · 6 ಅಕ್ಟೋಬರ್ 2025

ಹಾಗಾದರೆ ಕ್ರಿಸ್ ಸ್ಕೋಫೀಲ್ಡ್ ಹೆಸರು ಹೇಳಲೇಬೇಕು. ಲ್ಯಾಂಕಶೈರ್ ಹುಡುಗ, ಲೆಗ್‌ಸ್ಪಿನ್ ಹಾಕಿ ಬ್ಯಾಟ್ ಬೀಸುವವನು. 2000ದಲ್ಲಿ ಇಂಗ್ಲೆಂಡ್ ಮೊದಲ ಬಾರಿ ಕೇಂದ್ರ ಗುತ್ತಿಗೆ (ಮಂಡಳಿಯೇ ಆಟಗಾರರಿಗೆ ಕೊಡುವ ಒಪ್ಪಂದ) ಕೊಟ್ಟಾಗ 12 ಜನರಲ್ಲಿ ಅವನೂ ಒಬ್ಬ. ಜಿಂಬಾಬ್ವೆ ಮೇಲೆ ಎರಡು ಟೆಸ್ಟ್. ಮೇ, ಜೂನ್ ತಿಂಗಳ ಒದ್ದೆ ನೆಲ. ಎರಡೂ ಟೆಸ್ಟ್ ಸೇರಿ 18 ಓವರ್ ಹಾಕಿಸಿದರು, ವಿಕೆಟ್ ಸೊನ್ನೆ. ಟ್ರೆಂಟ್‌ಬ್ರಿಜ್‌ನಲ್ಲಿ 57 ರನ್ ಹೊಡೆದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮತ್ತೆ ಟೆಸ್ಟ್ ಆಡಲೇ ಇಲ್ಲ. ಕೊನೆಗೆ ಕೌಂಟಿಯೂ ಬಿಟ್ಟಿತು. 2007ರಲ್ಲಿ ಸರ್ರೆ ಮೂಲಕ ಟಿ20ಗೆ ವಾಪಸ್ ಬಂದದ್ದೇ ಒಂದು ಸಾಹಸ.

ಆದಿಲ್ ರಶೀದ್ ಇನ್ನೊಂದು ಉದಾಹರಣೆ. ಯಾರ್ಕ್‌ಶೈರ್‌ನಲ್ಲಿ ನಿಜವಾದ ಆಲ್‌ರೌಂಡರ್, ಪ್ರಥಮ ದರ್ಜೆಯಲ್ಲಿ 10 ಶತಕ, 500ಕ್ಕೂ ಜಾಸ್ತಿ ವಿಕೆಟ್. 2015ರಲ್ಲಿ ಅಬುಧಾಬಿಯಲ್ಲಿ ಮೊದಲ ಟೆಸ್ಟ್: ಮೊದಲ ಇನಿಂಗ್ಸ್‌ನಲ್ಲಿ 163 ರನ್ ಕೊಟ್ಟು ಒಂದೂ ವಿಕೆಟ್ ಇಲ್ಲ, ಎರಡನೆಯದರಲ್ಲಿ 64ಕ್ಕೆ 5. ಒಂದೇ ಪಂದ್ಯದಲ್ಲಿ ನರಕ, ಸ್ವರ್ಗ ಎರಡೂ. 19 ಟೆಸ್ಟ್ ಆಡಿ ಮುಗಿಸಿದ. ಕೌಂಟಿಯ ಆ 10 ಶತಕ ಟೆಸ್ಟ್‌ನಲ್ಲಿ ಎಲ್ಲೂ ಕಾಣಲಿಲ್ಲ.

ಇವರಿಬ್ಬರಲ್ಲೂ ನನಗೆ ಕಾಣುವುದು ಒಂದೇ. ಕ್ಯಾಪ್ಟನ್‌ಗೆ ಅವರ ಮೇಲೆ ಏನೂ ಆಗದ ದಿನದ ನಂಬಿಕೆ ಇರಲಿಲ್ಲ. ಪಿಚ್ ಸತ್ತಿದೆ, ಎದುರಾಳಿ 280ಕ್ಕೆ 3, ವೇಗದವರು ದಣಿದಿದ್ದಾರೆ. ಆಗ ಒಂದು ತುದಿಯಲ್ಲಿ 18 ಓವರ್ ಹಾಕಿ 45 ರನ್ ಕೊಡುವವನು ಬೇಕು. ವಿಕೆಟ್ ಬರದಿದ್ದರೂ ಪರವಾಗಿಲ್ಲ. ರೆಹಾನ್ ತೆಗೆದ 13 ವಿಕೆಟ್ ಬಗ್ಗೆ ನನಗೆ ಕುತೂಹಲ ಇಲ್ಲ ಗೌಡರೇ. ವಿಕೆಟ್ ಬೀಳದ ದಿನ ಅವನಿಗೆ ಎಷ್ಟು ಓವರ್ ಕೊಟ್ಟರು, ಅದು ಹೇಳಿ.

ಹುಬ್ಬಳ್ಳಿ ಫುಲ್‌ಟಾಸ್ · 6 ಅಕ್ಟೋಬರ್ 2025

ಸುಮಕ್ಕ, ಇದಕ್ಕೆ ನಮ್ಮ ಗದಗಿನ ಸುನಿಲ್ ಜೋಶಿ ಸರಿಯಾದ ಹೋಲಿಕೆ ಅಲ್ವಾ? 1995-96ರ ರಣಜಿಯಲ್ಲಿ 500 ರನ್, 50 ವಿಕೆಟ್ ಎರಡನ್ನೂ ದಾಟಿದ ಮನುಷ್ಯ. ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್‌ನಲ್ಲಿ 92 ರನ್, ಎಂಟು ವಿಕೆಟ್. ಅಷ್ಟಿದ್ದೂ 15 ಟೆಸ್ಟ್‌ಗೆ ಮುಗಿಯಿತು. ಅವರಿಗೆ ಓವರ್ ಹಾಕುವ ತಾಳ್ಮೆ ಇರಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಸ್ಕೋರ್‌ಬುಕ್ ಸುಮ · 6 ಅಕ್ಟೋಬರ್ 2025

ಒಪ್ಪುತ್ತೇನೆ. ಜೋಶಿ ಅವರ ಕಾಲದಲ್ಲಿ ತೂತೇ ಇರಲಿಲ್ಲ. ಆ ಕಡೆ ಕುಂಬ್ಳೆ ಇದ್ದರು, ಆಮೇಲೆ ಹರ್ಭಜನ್ ಬಂದರು. ಅರ್ಹತೆ ಇದ್ದರೂ ಬಾಗಿಲು ಹಾಕಿರಬಹುದು. ರೆಹಾನ್‌ಗೆ ಬಾಗಿಲು ತೆರೆದೇ ಇದೆ. ಈ ಬೇಸಿಗೆಯಲ್ಲಿ ಬಶೀರ್ ಬೆರಳು ಮುರಿದಾಗ 35 ವರ್ಷದ ಲಿಯಾಮ್ ಡಾಸನ್‌ನನ್ನು ಎಂಟು ವರ್ಷದ ನಂತರ ಕರೆದರು. ರೆಹಾನ್‌ನನ್ನು ಕರೆಯಲಿಲ್ಲ. ಅಲ್ಲೇ ಉತ್ತರ ಇದೆ.

ಕಪ್ ನಮ್ದಾಯ್ತು · 7 ಅಕ್ಟೋಬರ್ 2025

ನೀವೆಲ್ಲ ಕೌಂಟಿ ಲೆಕ್ಕ ಹಿಡಿದು ಕೂತಿದ್ದೀರಿ. ನಮ್ಮ ಜೇಕಬ್ ಬೆಥೆಲ್ ನೋಡಿ ಗುರೂ. ಹೌದು, "ನಮ್ಮ". ಆರ್‌ಸಿಬಿಗೆ 2.6 ಕೋಟಿ ಕೊಟ್ಟು ತಂದಿದ್ದೇವೆ. ಚಿನ್ನಸ್ವಾಮಿಯಲ್ಲಿ ಚೆನ್ನೈ ಮೇಲೆ 33 ಚೆಂಡಿಗೆ 55 ಹೊಡೆದಾಗ ನಾನು ಸ್ಟ್ಯಾಂಡ್‌ನಲ್ಲೇ ಇದ್ದೆ, ಎರಡು ದಿನ ಗಂಟಲು ಇರಲಿಲ್ಲ. ಆ ಹುಡುಗ ವಾರಿಕ್‌ಶೈರ್‌ಗೆ ಒಂದೂ ಪ್ರಥಮ ದರ್ಜೆ ಶತಕ ಹೊಡೆಯದೆ, ಸರಾಸರಿ 25ರ ಆಸುಪಾಸಿನಲ್ಲಿ ಇದ್ದಾಗ, ನ್ಯೂಜಿಲೆಂಡ್‌ನಲ್ಲಿ ನೇರ ಮೂರನೇ ಕ್ರಮಾಂಕಕ್ಕೆ ಹಾಕಿದರು. ಮೂರು ಟೆಸ್ಟ್, 260 ರನ್, ವೆಲ್ಲಿಂಗ್ಟನ್‌ನಲ್ಲಿ 96. ಕೌಂಟಿ ಅಂಕಿ ನೋಡಿದ್ದರೆ ಅವನು ಇವತ್ತಿಗೂ ಎಡ್ಜ್‌ಬಾಸ್ಟನ್‌ನಲ್ಲಿ ಪ್ಯಾಡ್ ಕಟ್ಟಿಕೊಂಡು ಕೂತಿರುತ್ತಿದ್ದ.

ಹುಬ್ಬಳ್ಳಿ ಫುಲ್‌ಟಾಸ್ · 7 ಅಕ್ಟೋಬರ್ 2025

ಆಮೇಲೆ ಓವಲ್‌ನಲ್ಲಿ 6 ಮತ್ತು 5. ಅದನ್ನೂ ಬರೆಯಪ್ಪಾ.

ಕಪ್ ನಮ್ದಾಯ್ತು · 7 ಅಕ್ಟೋಬರ್ 2025

ಆ ಬೇಸಿಗೆಯಲ್ಲಿ ಅವನಿಗೆ ಕೆಂಪು ಚೆಂಡು ಕೈಗೆ ಸಿಕ್ಕಿದ್ದೇ ಅಪರೂಪ. ಐಪಿಎಲ್, ಒನ್‌ಡೇ, ಬೆಂಚು. ತಣ್ಣಗೆ ಕೂತಿದ್ದವನನ್ನು ಸರಣಿಯ ಕೊನೆಯಲ್ಲಿ ಎಬ್ಬಿಸಿ ಸಿರಾಜ್ ಎದುರು ನಿಲ್ಲಿಸಿದರೆ ಇನ್ನೇನಾಗುತ್ತದೆ?

ಬಸವನಗುಡಿ ಗೂಗ್ಲಿ · 7 ಅಕ್ಟೋಬರ್ 2025

ಬೆಥೆಲ್ ಆಲ್‌ರೌಂಡರ್ ಅಲ್ಲ ಕಣಪ್ಪ. ಎಡಗೈ ಸ್ಪಿನ್ ಹಾಕಬಲ್ಲ ಬ್ಯಾಟ್ಸ್‌ಮನ್. ಅವನನ್ನು ಆರಿಸಿದವರು ಕಣ್ಣಿನಿಂದ ನೋಡಿ ಆರಿಸಿದರು. ಬಶೀರ್‌ನನ್ನೂ ಹಾಗೆಯೇ, ಅಲಸ್ಟೇರ್ ಕುಕ್‌ಗೆ ಹಾಕಿದ ಕೆಲವು ಚೆಂಡುಗಳ ವಿಡಿಯೋ ಕ್ಯಾಪ್ಟನ್ ಸ್ಟೋಕ್ಸ್ ಕಣ್ಣಿಗೆ ಬಿದ್ದು. ಬ್ಯಾಟ್ಸ್‌ಮನ್‌ಗೆ ಕಣ್ಣು ಸಾಕಾಗಬಹುದು. ಚೆಂಡನ್ನು ಎಷ್ಟು ತಡವಾಗಿ ಆಡುತ್ತಾನೆ, ಶಾರ್ಟ್ ಬಾಲ್‌ಗೆ ತಲೆ ಎಲ್ಲಿರುತ್ತದೆ, ಎರಡು ದಿನದಲ್ಲಿ ತಿಳಿಯುತ್ತದೆ. ಲೆಗ್‌ಸ್ಪಿನ್ನರ್‌ನ ವಿಷಯ ಹಾಗಲ್ಲ. ಒಳ್ಳೆಯ ಚೆಂಡು ಎಲ್ಲರ ಹತ್ತಿರವೂ ಇರುತ್ತದೆ, ನನ್ನ ಹತ್ತಿರವೂ ಇತ್ತು. ಓವರ್‌ನ ಐದನೇ ಚೆಂಡು ಏನಾಗುತ್ತದೆ ಅಂತ ನೋಡಲು ಇಡೀ ಸೀಸನ್ ಬೇಕು.

ಮಂಗಳೂರು ಮೀಡಿಯಂಪೇಸ್ · 8 ಅಕ್ಟೋಬರ್ 2025

ಒಂದು ಸಣ್ಣ ಮಾತು. ಬ್ಯೂ ವೆಬ್‌ಸ್ಟರ್ ಯಾರಿಗೂ ನೆನಪಾಗಲಿಲ್ವಾ? ಟಾಸ್ಮೇನಿಯಾದವನು. 2023-24ರ ಶೆಫೀಲ್ಡ್ ಶೀಲ್ಡ್‌ನಲ್ಲಿ (ಆಸ್ಟ್ರೇಲಿಯಾದ ರಣಜಿ ಅನ್ನಿ) 938 ರನ್, 30 ವಿಕೆಟ್. ಅಂಥದ್ದನ್ನು ಅವನಿಗಿಂತ ಮುಂಚೆ ಮಾಡಿದವನು ಸೋಬರ್ಸ್ ಒಬ್ಬನೇ. ಆದರೂ ಆಸ್ಟ್ರೇಲಿಯಾ ತಕ್ಷಣ ಕರೆಯಲಿಲ್ಲ. 2025ರ ಜನವರಿಯಲ್ಲಿ ಸಿಡ್ನಿಯಲ್ಲಿ ನಮ್ಮ ಮೇಲೆ ಮೊದಲ ಟೆಸ್ಟ್ ಆಡಿದಾಗ ವಯಸ್ಸು 31. ಬಂದವನೇ 57, ಆಮೇಲೆ ಔಟಾಗದೆ 39. ಮೊದಲ ದಿನವೇ ಹಳೆಯ ಆಟಗಾರನ ಹಾಗೆ ಆಡಿದ. ಸ್ವಲ್ಪ ಹಣ್ಣಾಗಲು ಬಿಟ್ಟರೆ ಏನು ನಷ್ಟ? ಮಾವಿನಕಾಯಿಯನ್ನು ಕಾರ್ಬೈಡ್ ಹಾಕಿ ಹಣ್ಣು ಮಾಡಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ.

ಗ್ರೇಸ್‌ರೋಡ್ ಗೌಡ · 8 ಅಕ್ಟೋಬರ್ 2025

ಹಣ್ಣಾಗುವುದು ಸರಿ, ಆದರೆ 31ರವರೆಗೆ ಕಾಯೋಕೆ ನನಗೆ ಆಯಸ್ಸು ಇರಬೇಕಲ್ಲ. ಆ್ಯಷಸ್ ಮುಗಿಯಲಿ, ಮತ್ತೆ ಬರುತ್ತೇನೆ.

ಕಪ್ ನಮ್ದಾಯ್ತು · 9 ಜನವರಿ 2026

ಎಲ್ಲಿದ್ದೀರಿ ಎಲ್ಲರೂ? ಸಿಡ್ನಿ, ಎರಡನೇ ಇನಿಂಗ್ಸ್, ಜೇಕಬ್ ಬೆಥೆಲ್ 154. ಅವನ ಮೊದಲ ಪ್ರಥಮ ದರ್ಜೆ ಶತಕ ಆ್ಯಷಸ್ ಟೆಸ್ಟ್‌ನಲ್ಲಿ! ಫುಲ್‌ಟಾಸ್ ಅಣ್ಣಾ, ಇದನ್ನೂ ಬರೆಯಲಾ?

ಹುಬ್ಬಳ್ಳಿ ಫುಲ್‌ಟಾಸ್ · 9 ಜನವರಿ 2026

ಬರಿ ತಮ್ಮಾ, ದಪ್ಪಕ್ಷರದಲ್ಲಿ ಬರಿ. ಬೆಳಗಿನ ಜಾವ ಎದ್ದು ನೋಡಿದೆ. ಆಡಿದ್ದು ಚೆನ್ನಾಗಿತ್ತು. ಟೆಸ್ಟ್ ಸೋತದ್ದು, ಸರಣಿ 4-1 ಆದದ್ದು ಬೇರೆ.

ಸ್ಕೋರ್‌ಬುಕ್ ಸುಮ · 9 ಜನವರಿ 2026

ಅಕ್ಟೋಬರ್‌ನಲ್ಲಿ ನಾನು ಬೆಥೆಲ್ ಬಗ್ಗೆ ಏನೂ ಬರೆಯಲಿಲ್ಲ, ಪುಣ್ಯ. ಬರೆದಿದ್ದರೆ ತಪ್ಪೇ ಆಗುತ್ತಿತ್ತು. ಅವನ ಮಟ್ಟಿಗೆ ಕೌಂಟಿ ಸರಾಸರಿ ಸುಳ್ಳು ಹೇಳಿತು.

ಜ್ಯಾಕ್ಸ್ ಕಥೆ ನಮ್ಮ ಥ್ರೆಡ್‌ಗೆ ಹೆಚ್ಚು ಹತ್ತಿರ. ಬ್ರಿಸ್ಬೇನ್‌ನಲ್ಲಿ ಎಂಟನೇ ಕ್ರಮಾಂಕದಲ್ಲಿ ಬಂದು ಸ್ಟೋಕ್ಸ್ ಜೊತೆ ನಿಂತು 92 ಚೆಂಡಿಗೆ 41 ಮಾಡಿದ. ಅದು ಟೆಸ್ಟ್ ಬ್ಯಾಟಿಂಗ್. ಅಡಿಲೇಡ್‌ನಲ್ಲಿ ಚೆಂಡು ಕೊಟ್ಟಾಗ ರನ್ ನೀರಿನ ಹಾಗೆ ಹೋಯಿತು. ಸಿಡ್ನಿಯಲ್ಲಿ ಬಂದು ಎರಡನೇ ಚೆಂಡಿಗೇ ಎತ್ತಿ ಹೊಡೆದು ಸೊನ್ನೆ. ಇನ್ನು ಬಶೀರ್, ಐದು ಟೆಸ್ಟ್ ಬೆಂಚಿನ ಮೇಲೆ. ಅಂದರೆ ತಂಡದ ಮುಖ್ಯ ಸ್ಪಿನ್ನರ್‌ಗೇ ಕೆಲಸ ಇರಲಿಲ್ಲ.

ಮಂಗಳೂರು ಮೀಡಿಯಂಪೇಸ್ · 9 ಜನವರಿ 2026

ಸಿಡ್ನಿಯಲ್ಲಿ ಆಸ್ಟ್ರೇಲಿಯಾ ಕೂಡ ಸ್ಪೆಷಲಿಸ್ಟ್ ಸ್ಪಿನ್ನರ್ ಇಲ್ಲದೆ ಆಡಿತು, ಅದೂ ಸಿಡ್ನಿಯಲ್ಲಿ! ಆ ಕೆಲಸ ಮಾಡಿದ್ದು ಯಾರು? ನನ್ನ ವೆಬ್‌ಸ್ಟರ್. ಮೀಡಿಯಂ ಪೇಸ್ ಬಿಟ್ಟು ಆಫ್‌ಸ್ಪಿನ್ ಹಾಕಿ ಬ್ರೂಕ್‌ನನ್ನೂ ಜ್ಯಾಕ್ಸ್‌ನನ್ನೂ ಒಂದೇ ಓವರ್‌ನಲ್ಲಿ ಕಳಿಸಿದ. ಬ್ಯಾಟಿಂಗ್‌ನಲ್ಲಿ ಔಟಾಗದೆ 71. ಅಕ್ಟೋಬರ್ 8ರ ನನ್ನ ಪೋಸ್ಟ್ ಒಮ್ಮೆ ಮೇಲೆ ಹೋಗಿ ಓದಿಕೊಂಡು ಬನ್ನಿ. ನಾನು ಏನೂ ಹೇಳುವುದಿಲ್ಲ.

ಬಸವನಗುಡಿ ಗೂಗ್ಲಿ · 9 ಜನವರಿ 2026

ಹೇಳುವುದಿಲ್ಲ ಅಂತ ಹೇಳಿ ಎಲ್ಲ ಹೇಳಿಬಿಟ್ಟಿರಿ.

ರೆಹಾನ್ ಈ ಪ್ರವಾಸಕ್ಕೆ ಹೋಗದಿದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಪರ್ತ್ ಎರಡು ದಿನ, ಮೆಲ್ಬರ್ನ್ ಎರಡು ದಿನ. ಅಲ್ಲಿ ಲೆಗ್‌ಸ್ಪಿನ್ನರ್ ನೀರು ಹೊತ್ತುಕೊಂಡು ಬರಬೇಕಿತ್ತು. ಅವನನ್ನೂ ಜ್ಯಾಕ್ಸ್ ಹಾಗೆ ಎಂಟನೇ ಕ್ರಮಾಂಕದಲ್ಲಿ ಆಡಿಸಿ, ಓವರ್‌ಗೆ ಐದು ರನ್ ಕೊಡಿಸಿ, ಆಮೇಲೆ "ಇವನಿಂದ ಆಗಲ್ಲ" ಅನ್ನುತ್ತಿದ್ದರು. ಸ್ಕೋಫೀಲ್ಡ್‌ಗೆ ಮಾಡಿದ್ದೇ ಅದು.

ಗ್ರೇಸ್‌ರೋಡ್ ಗೌಡ · 10 ಜನವರಿ 2026

ಬಂದೆ. ಮೊದಲ ಪೋಸ್ಟ್ ಓದಿಕೊಂಡೆ. ಬಹಳ ಜೋರಾಗಿ "ಅನ್ಯಾಯ" ಅಂದಿದ್ದೇನೆ. ಈಗ ಅಷ್ಟು ಜೋರಾಗಿ ಹೇಳಲಾರೆ. ಶತಕ ಎಣಿಸಿದ್ದೆ, 13 ವಿಕೆಟ್ ಎಣಿಸಿದ್ದೆ. ಸುಮ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ವರ್ಷಪೂರ್ತಿ ಮೈದಾನದಲ್ಲೇ ಇದ್ದೆ, ಆದರೂ ವಿಕೆಟ್ ಬೀಳದ ದಿನ ಅವನು ಎಷ್ಟು ಓವರ್ ಹಾಕಿದ ಅಂತ ಬರೆದಿಟ್ಟುಕೊಳ್ಳಲಿಲ್ಲ. ಬರೆಯುವ ವಿಷಯ ಅಂತಲೇ ಅನಿಸಿರಲಿಲ್ಲ.

ಬ್ಯಾಟಿಂಗ್ ಬಗ್ಗೆ ಮಾತ್ರ ನನ್ನ ಹಟ ಬಿಡುವುದಿಲ್ಲ. ಇವನಿಗೆ ಚೆಂಡಿನ ಲೆಂಗ್ತ್ ಬೇಗ ತಿಳಿಯುತ್ತದೆ. ಹಿಂಗಾಲಲ್ಲಿ ನಿಂತು ಪಾಯಿಂಟ್ ಕಡೆ ಹೊಡೆಯುವಾಗ ಸಮಯ ಇರುತ್ತದೆ. ಮೇಲಿನ ಡಿವಿಜನ್‌ನಲ್ಲಿ ಅದು ಉಳಿಯುತ್ತದಾ ಅಂತ ಈ ವರ್ಷ ಗೊತ್ತಾಗುತ್ತದೆ. ಸರ್ರೆ, ನಾಟಿಂಗಮ್‌ಶೈರ್ ಬರುತ್ತವೆ. ನಾಟಿಂಗಮ್‌ಶೈರ್‌ನಲ್ಲಿ ಅವನ ತಮ್ಮ ಫರ್ಹಾನ್ ಆಫ್‌ಸ್ಪಿನ್ ಹಾಕುತ್ತಾನೆ. ಅಣ್ಣ ತಮ್ಮ ಎದುರಾಬದುರಾದರೆ ನಾನು ರಜೆ ಹಾಕುತ್ತೇನೆ, ಮ್ಯಾನೇಜರ್ ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ.

ಸ್ಕೋರ್‌ಬುಕ್ ಸುಮ · 10 ಜನವರಿ 2026

ಗೌಡರೇ, ಹಾಗಾದರೆ ಒಂದು ಕೆಲಸ ಮಾಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಅವನಿಗೆ ಚೆಂಡು ಕೊಟ್ಟಾಗ ಸ್ಕೋರ್ ಎಷ್ಟಿತ್ತು, ಎಷ್ಟನೇ ಓವರ್, ಎಷ್ಟು ಓವರ್ ಒಂದೇ ಉಸಿರಿಗೆ ಹಾಕಿದ, ಒಂದು ಸಿಕ್ಸರ್ ಬಿದ್ದ ಮೇಲೆ ಕ್ಯಾಪ್ಟನ್ ತೆಗೆದನಾ ಬಿಟ್ಟನಾ. ವಿಕೆಟ್ ಬರೆಯಬೇಡಿ. ಅದು ಹೇಗೂ ನಮಗೆ ಫೋನ್‌ನಲ್ಲಿ ಸಿಗುತ್ತದೆ.

ಬಸವನಗುಡಿ ಗೂಗ್ಲಿ · 10 ಜನವರಿ 2026

ಲೆಗ್‌ಬ್ರೇಕ್ ಎಷ್ಟು, ಗೂಗ್ಲಿ ಎಷ್ಟು ಅಂತಲೂ ಬರೆಯಿರಿ. ಸ್ಟ್ಯಾಂಡ್‌ನಿಂದ ಕಾಣದಿದ್ದರೆ ಕೀಪರ್ ಕಾಲು ನೋಡಿ. ಅವನ ಕಾಲು ಚೆಂಡಿಗಿಂತ ಮುಂಚೆ ಹೇಳಿಬಿಡುತ್ತದೆ.

ಗ್ರೇಸ್‌ರೋಡ್ ಗೌಡ · 10 ಜನವರಿ 2026

ಆಯಿತು. ಏಪ್ರಿಲ್‌ನಲ್ಲಿ ಫ್ಲಾಸ್ಕ್, ಕಂಬಳಿ, ನೋಟ್‌ಬುಕ್ ಮೂರೂ ಹೊತ್ತುಕೊಂಡು ಹೋಗುತ್ತೇನೆ. ಮಳೆ ಬಂದು ಆಟ ನಿಂತರೆ ಅದನ್ನೂ ಬರೆಯುತ್ತೇನೆ. ಮೊದಲ ಪುಟ ಬಹುಶಃ ಅದೇ ಆಗಿರುತ್ತದೆ.